ಘಟ್ಟದ ಕೆಳಗೆ ‘ಕಾಣೆ’, ಘಟ್ಟದ ಮೇಲೆ ‘ಅಪರಿಚಿತ ಶವ’

ಠಾಣೆಯ ಮಾತು: ಓದುಗರ ಪ್ರಶ್ನೆಗಳಿಗೆ ನಿವೃತ್ತ ಎ.ಎಸ್.ಐ. ಉತ್ತರ

ಕಳೆದ ತಿಂಗಳು ಕಾಣೆಯಾದವರ ದೂರಿನ ಬಗ್ಗೆ ಬರೆಯುವಾಗ ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಸಯನೈಡ್ ಕೊಟ್ಟು ಕೊಂದ ಸಯನೈಡ್ ಮೋಹನನ ಹೆಸರು ಒಂದು ಸಾಲಿನಲ್ಲಿ ಬಂದಿತ್ತು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಪಾಸ್‌ಪೋರ್ಟ್ ವೆರಿಫಿಕೇಷನ್, ಬಾಡಿಗೆ ಮನೆ ತಕರಾರು ಎಲ್ಲವನ್ನೂ ಮುಂದಿನ ತಿಂಗಳಿಗೆ ಬಿಟ್ಟು, ಈ ಒಂದೇ ವಿಷಯದ ನಾಲ್ಕು ಪತ್ರ ತೆಗೆದುಕೊಂಡಿದ್ದೇನೆ. ಸತ್ತ ಹೆಣ್ಣುಮಕ್ಕಳ ಹೆಸರು ಬರೆಯುವುದಿಲ್ಲ. ಅವರ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಅದೇ ಊರುಗಳಲ್ಲಿ ಈಗಲೂ ಬಾಳುತ್ತಿದ್ದಾರೆ.

ಪ್ರಶ್ನೆ: ಮೋಹನ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದ ಎಂದು ಓದಿದ್ದೇನೆ. ಆಗ ನಾನು ಪಿಯುಸಿ ಓದುತ್ತಿದ್ದೆ. ಸುದ್ದಿ ಬಂದ ಮೇಲೆ ಅಮ್ಮ ಒಂದು ವರ್ಷ ನನ್ನನ್ನು ಒಬ್ಬಳೇ ಬಸ್ಸು ಹತ್ತಲು ಬಿಡಲಿಲ್ಲ. ಒಬ್ಬರಲ್ಲ ಇಬ್ಬರಲ್ಲ, ಇಪ್ಪತ್ತು ಜನ. ಪೊಲೀಸರಿಗೆ ಅಷ್ಟು ವರ್ಷ ಗೊತ್ತೇ ಆಗಲಿಲ್ಲವೇ?
— ಓದುಗಿ, ಸುಳ್ಯ ತಾಲ್ಲೂಕು

ಉತ್ತರ: ತಂಗೀ, ಗೊತ್ತಾಗಬೇಕಾದದ್ದೆಲ್ಲ ಕಾಗದದ ಮೇಲೆ ಇತ್ತು. ಅರ್ಧ ಒಂದು ಜಿಲ್ಲೆಯ ಠಾಣೆಯಲ್ಲಿ, ಇನ್ನರ್ಧ ಬೇರೆ ಜಿಲ್ಲೆಯ ಠಾಣೆಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರು ಯಾರೂ ಇರಲಿಲ್ಲ.

ನಾನು ಹುಟ್ಟಿದ್ದು ಘಟ್ಟದ ಕೆಳಗೆ, ವಿಟ್ಲದ ಹತ್ತಿರ. ಮೋಹನನ ಊರು ಕನ್ಯಾನ ನಮಗೆ ದೂರವೇನಲ್ಲ. ಕೆಲಸ ಮಾಡಿದ್ದೆಲ್ಲ ಘಟ್ಟದ ಮೇಲೆ, ಹೆಚ್ಚು ವರ್ಷ ಸ್ಟೇಷನ್ ರೈಟರ್ ಆಗಿ. ಹಾಗಾಗಿ ಎರಡೂ ಬದಿ ನನಗೆ ಗೊತ್ತು.

ಕೆಳಗಿನ ಬದಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ನನ್ನ ಅಕ್ಕಂದಿರಿಬ್ಬರೂ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ವಾರಕ್ಕೊಮ್ಮೆ ಬೀಡಿ ಬ್ರಾಂಚಿಗೆ ಹೋಗಿ ದುಡ್ಡು ತರುತ್ತಿದ್ದರು. ಆ ದುಡ್ಡಿನಲ್ಲಿ ಮೊದಲು ಕಿವಿಯದ್ದು, ಆಮೇಲೆ ಒಂದು ಸರ, ಹೀಗೆ ವರ್ಷಗಟ್ಟಲೆ ಕೂಡಿಸುವುದು. ಬಂಗಾರ ಸಾಲದು ಎಂದು ದೊಡ್ಡಕ್ಕನ ಸಂಬಂಧ ಎರಡು ಸಲ ತಪ್ಪಿತು. ಮೂವತ್ತು ದಾಟಿತು ಎಂದು ಬೀದಿಯಲ್ಲಿ ಮಾತಾಡಿಕೊಳ್ಳುತ್ತಿದ್ದುದು ಅವಳ ಕಿವಿಗೂ ಬೀಳುತ್ತಿತ್ತು. ಮೋಹನ ಹುಡುಕುತ್ತಿದ್ದುದು ಇಂಥ ಮನೆಗಳನ್ನೇ. ಬೀಡಿ ಕಟ್ಟುವವರು, ಹಾಸ್ಟೆಲ್‌ನಲ್ಲಿ ಅಡುಗೆ ಮಾಡುವವರು, ವರದಕ್ಷಿಣೆಗೆ ಗತಿಯಿಲ್ಲದೆ ಮದುವೆ ನಿಂತವರು. ಅವನೇ ಶಿರಾಡಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಮಾತಿನಲ್ಲಿ ನಯ ಇತ್ತು. ಹುಡುಗಿಯ ಜಾತಿ ಕೇಳಿಕೊಂಡು ಅದಕ್ಕೆ ಹೊಂದುವ ಹೆಸರು ಹೇಳುತ್ತಿದ್ದ, ಸರ್ಕಾರಿ ನೌಕರಿಯಲ್ಲಿದ್ದೇನೆ ಎನ್ನುತ್ತಿದ್ದ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಮೈಮೇಲಿನ ಬಂಗಾರ ಹಾಕಿಕೊಂಡು ಬಾ, ದೇವಸ್ಥಾನದಲ್ಲಿ ಮದುವೆಯಾಗೋಣ ಅಂದರೆ ಹುಡುಗಿ ನಂಬಿ ಹೊರಡುತ್ತಿದ್ದಳು. ಇದನ್ನು ದುರಾಸೆ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನನ್ನ ಅಕ್ಕನನ್ನು ಯಾರಾದರೂ ಹಾಗೆ ಕೇಳಿದ್ದರೆ ಅವಳೂ ಹೊರಡುತ್ತಿದ್ದಳು.

ಘಟ್ಟ ಹತ್ತಿ ಮೈಸೂರಿಗೋ ಬೆಂಗಳೂರಿಗೋ ಮಡಿಕೇರಿಗೋ ಹಾಸನಕ್ಕೋ ಹೋಗುವುದು. ಬಸ್ ನಿಲ್ದಾಣದ ಹತ್ತಿರ ಲಾಡ್ಜ್. ರಾತ್ರಿ ಕಳೆದ ಮೇಲೆ ಬೆಳಿಗ್ಗೆ, ಒಡವೆ ರೂಮಿನಲ್ಲೇ ಬಿಚ್ಚಿಟ್ಟು ಬಾ ಎಂದು ಹೇಳಿ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬರುವುದು. ಬಸಿರು ನಿಲ್ಲದ ಹಾಗೆ ಮಾತ್ರೆ, ಶೌಚಾಲಯದಲ್ಲಿ ತೆಗೆದುಕೋ ಎಂದು ಸಯನೈಡ್ ಕೈಗಿಡುವುದು. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡ ಮೇಲೆ ಅವನು ಲಾಡ್ಜಿಗೆ ಮರಳಿ ಒಡವೆ ತೆಗೆದುಕೊಂಡು ಹೊರಟುಬಿಡುವುದು.

ಈಗ ಮೇಲಿನ ಬದಿ. ಬೆಳಿಗ್ಗೆ ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಬಾಗಿಲು ತೆರೆಯುವುದಿಲ್ಲ. ಒಡೆಯುತ್ತಾರೆ. ಒಳಗಿನಿಂದ ಚಿಲಕ ಹಾಕಿದೆ, ಮೈಮೇಲೆ ಗಾಯವಿಲ್ಲ, ಪರ್ಸ್ ಇಲ್ಲ, ವಿಳಾಸವಿಲ್ಲ. ಆಗಿನ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿ.ಆರ್.ಪಿ.ಸಿ.ಯ 174ನೇ ಕಲಮಿನ ಕೆಳಗೆ ಯು.ಡಿ.ಆರ್., ಅಂದರೆ ಅಸಹಜ ಸಾವಿನ ವರದಿ. ಒಳಚಿಲಕ ಕಂಡ ಕೂಡಲೇ ಪೊಲೀಸನ ತಲೆಯಲ್ಲಿ ಬರುವ ಪದ ಒಂದೇ, ಆತ್ಮಹತ್ಯೆ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಸತ್ತರೆ ಮ್ಯಾಜಿಸ್ಟ್ರೇಟರ ತನಿಖೆಗೆ ಕಾನೂನಿನಲ್ಲಿ ದಾರಿ ಇದೆ. ಯಾರೆಂದೇ ಗೊತ್ತಿಲ್ಲದವಳಿಗೆ ಮದುವೆಯಾಗಿದೆಯೋ ಇಲ್ಲವೋ ಯಾರಿಗೆ ಗೊತ್ತು? ಆ ದಾರಿಯೂ ಹೀಗೆ ಮುಚ್ಚುತ್ತಿತ್ತು.

ಇಂಥ ಒಂದು ಯು.ಡಿ.ಆರ್. ನಾನೂ ಬರೆದಿದ್ದೇನೆ. ಅದು ಮೋಹನನ ಕೇಸಲ್ಲ, ಅದಕ್ಕಿಂತ ಎಷ್ಟೋ ವರ್ಷ ಹಿಂದಿನದು. ಅದೂ ಬಸ್ ನಿಲ್ದಾಣವೇ. ‘ವಯಸ್ಸು ಸುಮಾರು 25ರಿಂದ 30, ಎತ್ತರ 5 ಅಡಿ, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು’ ಎಂದು ಚಹರೆ ಬರೆದೆ. ಈ ಚಹರೆಗೆ ನಮ್ಮ ರಾಜ್ಯದ ಲಕ್ಷ ಹೆಂಗಸರು ಹೊಂದುತ್ತಾರೆ. ಶವ ಪಂಚನಾಮೆಯ ಹೊತ್ತಿಗೆ ಆಸ್ಪತ್ರೆಯ ಆಯಾ ರವಿಕೆ ತಿರುಗಿಸಿ ತೋರಿಸಿದಳು. ಕತ್ತಿನ ಹಿಂಬದಿ ಹೊಲಿಗೆಯಲ್ಲಿ ಟೈಲರ್ ಅಂಗಡಿಯ ಬಟ್ಟೆಚೀಟಿ. ನೀಲಿ ದಾರದಲ್ಲಿ ಅಂಗಡಿಯ ಹೆಸರು, ಕೆಳಗೆ ಘಟ್ಟದ ಕೆಳಗಿನ ಒಂದು ಊರಿನ ಹೆಸರು. ಅದನ್ನೂ ಪಂಚನಾಮೆಯಲ್ಲಿ ನನ್ನ ಕೈಯಾರೆ ಬರೆದೆ. ಆ ಊರಿಗೆ ಬಸ್ಸಿನಲ್ಲಿ ಮೂರೂವರೆ ಗಂಟೆ. ಎಲ್ಲ ಠಾಣೆಗೂ ವೈರ್‌ಲೆಸ್ ಮೆಸೇಜು ಹೋಯಿತು, ಪೇಪರಿನಲ್ಲಿ ಫೋಟೊ ಬಂತು, ಮೂರು ದಿನ ಶವಾಗಾರದಲ್ಲಿಟ್ಟೆವು, ವಾರಸುದಾರರು ಬರಲಿಲ್ಲ, ದಫನು ಮಾಡಿಸಿದೆವು. ಆ ಚೀಟಿ ಹಿಡಿದು ಆ ಊರಿಗೆ ಯಾರೂ ಹೋಗಲಿಲ್ಲ. ನಾನು ಹೋಗಿಬರುತ್ತೇನೆ ಸಾರ್ ಎಂದು ನಾನೂ ಸಾಹೇಬರನ್ನು ಕೇಳಲಿಲ್ಲ. ಮೋಹನನ ಸುದ್ದಿ ಪೇಪರಿನಲ್ಲಿ ಬಂದ ದಿನ ನನಗೆ ಮೊದಲು ನೆನಪಾದದ್ದು ಆ ನೀಲಿ ದಾರ.

ವಿಷದ ವಿಷಯಕ್ಕೂ ಒಂದು ಮಾತು. ಸಯನೈಡ್ ಹೊಟ್ಟೆಗೆ ಹೋದರೆ ರಕ್ತದಲ್ಲಿ ಆಮ್ಲಜನಕ ಇದ್ದರೂ ಮೈಯ ಜೀವಕೋಶಗಳು ಅದನ್ನು ಬಳಸಲಾರವು. ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ, ಕೂಗಿ ಕರೆಯಲೂ ಆಗುವುದಿಲ್ಲ. ಕಹಿ ಬಾದಾಮಿಯ ವಾಸನೆ ಬರುತ್ತದೆ ಎನ್ನುತ್ತಾರೆ, ಅದು ಎಲ್ಲರ ಮೂಗಿಗೂ ತಿಳಿಯುವುದಿಲ್ಲ. ವಿಸೆರಾ, ಅಂದರೆ ಶವದ ಒಳಾಂಗಗಳ ಮಾದರಿಯನ್ನು ಬೇಗ ಸೀಲು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್.ಎಸ್.ಎಲ್.) ಕಳಿಸದಿದ್ದರೆ ವಿಷ ಸಿಗದೆಯೂ ಹೋಗಬಹುದು. ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅಕ್ಕಸಾಲಿಗರು ಬಳಸುವ ಸಯನೈಡ್ ಬೀದಿಯ ಔಷಧಿ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಗುರುತಿಲ್ಲದ ಒಬ್ಬ ಹೆಂಗಸಿಗೆ ಅದು ಎಲ್ಲಿಂದ ಬಂತು ಎಂದು ಕೇಳಲೇಬೇಕಾಗಿತ್ತು.

ಕೊನೆಗೆ ಗಂಟು ಬಿಚ್ಚಿದ್ದು 2009ರಲ್ಲಿ. ಆ ವರ್ಷದ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ 22 ವರ್ಷದ ಹುಡುಗಿಯೊಬ್ಬಳು ಮನೆಯಿಂದ ಹೋದವಳು ಬರಲಿಲ್ಲ. ಬೇರೆ ಧರ್ಮದವನೊಬ್ಬನ ಜೊತೆ ಓಡಿಹೋದಳು ಎಂಬ ಗುಲ್ಲು ಹಬ್ಬಿ ಜನ ಠಾಣೆಯ ಮುಂದೆ ಸೇರಿದರು. ಗುಲ್ಲು ಸುಳ್ಳಾಗಿತ್ತು. ಆದರೆ ಪೊಲೀಸರು ಅವಳ ಫೋನಿನ ಕರೆಗಳ ಪಟ್ಟಿ ತೆಗೆಸಲೇಬೇಕಾಯಿತು. ಆ ಪಟ್ಟಿಯಲ್ಲಿದ್ದ ಒಂದು ನಂಬರು ಹುಡುಕಿದರೆ ಅದು ಕಾಣೆಯಾದ ಇನ್ನೊಬ್ಬಳದ್ದು. ಅವಳ ಪಟ್ಟಿ ಹಿಡಿದು ಹೋದರೆ ಮತ್ತೊಬ್ಬ ಕಾಣೆಯಾದವಳು. ಸತ್ತವರ ಫೋನು, ಸಿಮ್ಮುಗಳನ್ನೇ ಅವನು ಮುಂದಿನವಳನ್ನು ಮಾತಾಡಿಸಲು ಬಳಸುತ್ತಿದ್ದ. ಅಕ್ಟೋಬರ್‌ನಲ್ಲಿ ಅವನು ಸಿಕ್ಕಿಬಿದ್ದ. ಬಂಟ್ವಾಳದ ಆ ಹುಡುಗಿಯ ಶವ ಅವಳು ಮನೆ ಬಿಟ್ಟ ಮರುದಿನವೇ ಹಾಸನದ ಬಸ್ ನಿಲ್ದಾಣದಲ್ಲಿ ಸಿಕ್ಕಿತ್ತು. ನಾಲ್ಕು ತಿಂಗಳು ಆ ಮನೆಯವರು ದಾರಿ ನೋಡುತ್ತಿದ್ದರು.

ಊರಿನವರು ಗುಂಪುಗೂಡಿ ಕೂಗದಿದ್ದರೆ? ಹಿಂದಿನ ಅಷ್ಟೂ ಮನೆಗಳ ಪರವಾಗಿ ಹಾಗೆ ಕೂಗಲು ಯಾರೂ ಇರಲಿಲ್ಲ. ಎಷ್ಟೋ ಮನೆಯವರು ಮರ್ಯಾದೆಗೆ ಅಂಜಿ ದೂರನ್ನೇ ಕೊಟ್ಟಿರಲಿಲ್ಲ. ಎಲ್ಲೋ ಮದುವೆಯಾಗಿ ಚೆನ್ನಾಗಿರಬೇಕು ಎಂದುಕೊಂಡಿದ್ದರು.

ಪ್ರಶ್ನೆ: ಇಪ್ಪತ್ತು ಕೊಲೆ ಮಾಡಿದವನಿಗೆ ಕೆಳಗಿನ ಕೋರ್ಟು ಗಲ್ಲು ಕೊಟ್ಟರೆ ಹೈಕೋರ್ಟು ಜೀವಾವಧಿ ಮಾಡಿತಂತೆ. ಹದಿನಾಲ್ಕು ವರ್ಷ ಆದ ಮೇಲೆ ಹೊರಗೆ ಬರುತ್ತಾನಲ್ಲ? ಇದಕ್ಕೆ ನ್ಯಾಯ ಅನ್ನಬೇಕಾ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಈ ಹದಿನಾಲ್ಕು ವರ್ಷದ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಜೀವಾವಧಿ ಎಂದರೆ ಕಾನೂನಿನಲ್ಲಿ ಜೀವ ಇರುವವರೆಗೆ ಎಂದೇ ಅರ್ಥ. ಕೊಲೆಯಂಥ ಅಪರಾಧದಲ್ಲಿ ಕನಿಷ್ಠ 14 ವರ್ಷ ಒಳಗಿರದೆ ಸರ್ಕಾರ ಬಿಡುಗಡೆಯ ವಿಚಾರವನ್ನೇ ಎತ್ತುವಂತಿಲ್ಲ ಎಂಬುದು ಸಿ.ಆರ್.ಪಿ.ಸಿ. 433ಎ ಹೇಳುತ್ತಿದ್ದುದು; 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮೂ ಅದನ್ನೇ ಹೇಳುತ್ತದೆ. ಹದಿನಾಲ್ಕಾಯಿತು, ಬಾಗಿಲು ತೆಗೆಯಿರಿ ಎಂದು ಕೇಳುವ ಹಕ್ಕು ಯಾವ ಕೈದಿಗೂ ಇಲ್ಲ.

2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ಸೆಷನ್ಸ್ ಕೋರ್ಟು ಮೊದಲ ಮೂರು ಕೇಸುಗಳಲ್ಲಿ ಅವನನ್ನು ಅಪರಾಧಿ ಎಂದು ತೀರ್ಮಾನಿಸಿ ಮರಣದಂಡನೆ ವಿಧಿಸಿತು. ಸೆಷನ್ಸ್ ಕೋರ್ಟು ಕೊಟ್ಟ ಗಲ್ಲು ಹೈಕೋರ್ಟು ದೃಢಪಡಿಸುವವರೆಗೆ ಜಾರಿಯಾಗುವುದಿಲ್ಲ. ಅಪರಾಧಿ ಮೇಲ್ಮನವಿ ಹಾಕಲಿ ಬಿಡಲಿ, ಕಡತ ತಾನಾಗಿ ಹೈಕೋರ್ಟಿಗೆ ಹೋಗಲೇಬೇಕು. ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪಿನಿಂದ ಈಚೆಗೆ, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು. 2017ರ ಅಕ್ಟೋಬರ್‌ನಲ್ಲಿ ಹೈಕೋರ್ಟು ಬಂಟ್ವಾಳದ ಆ ಹುಡುಗಿಯ ಕೇಸಿನಲ್ಲಿ ಗಲ್ಲನ್ನು ಬದಲಿಸಿ, ಸಾಯುವವರೆಗೆ ಜೈಲು ಎಂದು ತೀರ್ಪು ಕೊಟ್ಟಿತು. ಇದು ಮಾಮೂಲಿ ಜೀವಾವಧಿಯಲ್ಲ. ಗಲ್ಲಿಗೂ ಮಾಮೂಲಿ ಜೀವಾವಧಿಗೂ ನಡುವಿನ ಈ ದಾರಿ ತೆರೆದದ್ದು ನಮ್ಮ ರಾಜ್ಯದ್ದೇ ಇನ್ನೊಂದು ಕೊಲೆ ಕೇಸು. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯಂಗಳದಲ್ಲೇ ಹೂತಿಟ್ಟ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲು ತಪ್ಪಿಸಿ, ಉಳಿದ ಆಯುಷ್ಯವೆಲ್ಲ ಜೈಲಿನಲ್ಲೇ ಎಂದಿತು. 2015ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಇಂಥ ಶಿಕ್ಷೆ ಕೊಡುವ ಅಧಿಕಾರ ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗೆ ಮಾತ್ರ.

ಇನ್ನೊಂದು ವಿಷಯ ಜನರಿಗೆ ತಿಳಿಯುವುದೇ ಇಲ್ಲ. ಇಪ್ಪತ್ತು ಕೊಲೆಗೆ ಒಂದು ಕೇಸಲ್ಲ, ಇಪ್ಪತ್ತು ಕೇಸು. ಪ್ರತಿ ಸಾವಿಗೂ ಬೇರೆ ದೋಷಾರೋಪ, ಬೇರೆ ಸಾಕ್ಷಿ, ಬೇರೆ ತೀರ್ಪು. ಕೊನೆಯ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ, ಕಾಸರಗೋಡಿನ 25 ವರ್ಷದ ಯುವತಿಯ ಕೇಸು, ಅದರಲ್ಲಿ ಜೀವಾವಧಿ. ಬಂಧನದಿಂದ ಅಲ್ಲಿಗೆ ಹತ್ತಿರಹತ್ತಿರ 11 ವರ್ಷ. ಒಂದರಲ್ಲಿ ಶಿಕ್ಷೆಯಾದರೆ ಸಾಕಲ್ಲ, ಸರ್ಕಾರದ ದುಡ್ಡು ಯಾಕೆ ದಂಡ ಎಂದು ನನ್ನ ಜೊತೆ ಕೆಲಸ ಮಾಡಿದವರೇ ಕೇಳಿದ್ದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ‘ಅಪರಿಚಿತ ಹೆಂಗಸು, ಆತ್ಮಹತ್ಯೆ’ ಎಂದು ಬರೆದು ಮುಚ್ಚಿದ ಫೈಲಿನ ಮೇಲೆ ಅವಳ ಹೆಸರು ಬರೆದು, ಇವಳು ತಾನಾಗಿ ಸಾಯಲಿಲ್ಲ, ಇವಳನ್ನು ಕೊಂದರು ಎಂದು ಕೋರ್ಟು ಹೇಳಬೇಕಾಗಿತ್ತು. ಇಪ್ಪತ್ತು ಮನೆಗೂ ಅದು ಬೇರೆಬೇರೆಯಾಗಿಯೇ ಸಿಗಬೇಕಾಗಿತ್ತು.

ಗಲ್ಲೋ ಜೈಲೋ ಎಂಬುದರಲ್ಲಿ ನನ್ನ ಅಭಿಪ್ರಾಯ ಕೇಳಿದ್ದೀರಿ. ಅವನು ಗೋಡೆಯ ಒಳಗೇ ಮುದುಕನಾಗುವುದರಲ್ಲಿ ನನಗೆ ತಕರಾರಿಲ್ಲ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಮೋಹನ ವಕೀಲರಿಲ್ಲದೆ ತಾನೇ ವಾದಿಸಿದನೆಂದು ಕೇಳಿದೆ. ಕೊಲೆ ಆರೋಪಿಗೆ ಹಾಗೆ ಬಿಡುತ್ತಾರೆಯೇ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬಿಡುತ್ತಾರೆ. ವಕೀಲರನ್ನು ಇಟ್ಟುಕೊಳ್ಳುವುದು ಆರೋಪಿಯ ಹಕ್ಕು. ದುಡ್ಡಿಲ್ಲದಿದ್ದರೆ ಸರ್ಕಾರವೇ ಕೊಡಬೇಕು. ಬೇಡ, ನಾನೇ ವಾದಿಸುತ್ತೇನೆ ಎಂದರೆ ಬಲವಂತವಿಲ್ಲ. ಅವನು ಕಟಕಟೆಯಿಂದಲೇ ಸಾಕ್ಷಿಗಳಿಗೆ ಪಾಟೀಸವಾಲು ಹಾಕಿದ. ಅದನ್ನು ಅವನ ಜಾಣತನ ಎಂದು ಬರೆದವರಿದ್ದಾರೆ, ಟಿ.ವಿ.ಯಲ್ಲಿ ಹೊಗಳಿದ ಹಾಗೆ ಮಾತಾಡಿದವರೂ ಇದ್ದಾರೆ. ಮಗಳನ್ನು ಕಳೆದುಕೊಂಡ ತಾಯಿ ಕೋರ್ಟಿನ ಮರದ ಕಟಕಟೆ ಹಿಡಿದು ನಿಂತು, ಕೊಂದವನೇ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಿ. ಅವನ ಕೈಯಿಂದ ಬದುಕಿ ಉಳಿದ ಹೆಣ್ಣುಮಗಳೊಬ್ಬಳು ಕೋರ್ಟಿಗೆ ಬಂದು ಅವನನ್ನು ಗುರುತಿಸಿ ಸಾಕ್ಷಿ ಹೇಳಿದಳು. ಆ ಧೈರ್ಯದ ಬಗ್ಗೆ ಯಾರೂ ಅಷ್ಟು ಬರೆಯಲಿಲ್ಲ. ನೀವು ಮುಂದೆ ವಕೀಲರಾಗುವವರು. ಈ ಕೇಸಿನ ತೀರ್ಪುಗಳನ್ನು ಓದುವಾಗ ಅವನ ಪಾಟೀಸವಾಲಿಗಿಂತ ಅವಳ ಸಾಕ್ಷ್ಯವನ್ನು ಎರಡು ಸಲ ಓದಿ.

ಪ್ರಶ್ನೆ: ನನ್ನ ಅಕ್ಕ 2007ರಲ್ಲಿ ಮನೆ ಬಿಟ್ಟು ಹೋದಳು. ಕೆಲಸದ ಜಾಗದಲ್ಲಿ ಯಾರನ್ನೋ ಇಷ್ಟಪಟ್ಟಿದ್ದಳು ಎಂದು ಅಪ್ಪ ಕೋಪದಲ್ಲಿ ದೂರು ಕೊಡಲಿಲ್ಲ. ಮಾರನೆಯ ದಿನ ನಾನೇ ಠಾಣೆಗೆ ಹೋದರೆ, ಪ್ರಾಯದ ಹುಡುಗಿ, ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಅಪ್ಪ ಈಗ ಇಲ್ಲ. ಅಮ್ಮ ಇವತ್ತಿಗೂ ದೀಪಾವಳಿಗೆ ಅವಳ ಹೆಸರಿನಲ್ಲಿ ಒಂದು ಸೀರೆ ತೆಗೆದಿಡುತ್ತಾಳೆ. ಇಷ್ಟು ವರ್ಷ ಆದ ಮೇಲೆ ದೂರು ತೆಗೆದುಕೊಳ್ಳುತ್ತಾರೆಯೇ? ಅವಳು ಹಾಕುತ್ತಿದ್ದ ಬಟ್ಟೆಯೆಲ್ಲ ನಮ್ಮೂರಿನ ಒಬ್ಬರೇ ಟೈಲರ್ ಹೊಲಿಯುತ್ತಿದ್ದುದು. ಫೋಟೊ ಒಂದೇ ಒಂದು ಇದೆ.
— ಹೆಸರು, ಊರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿಮ್ಮನ್ನು ವಾಪಸ್ ಕಳಿಸಿದವರ ಪರವಾಗಿ ನಾನು ಕ್ಷಮೆ ಕೇಳಿದರೆ ನಿಮಗೆ ಏನೂ ಸಿಗುವುದಿಲ್ಲ, ಆದರೂ ಕೇಳುತ್ತೇನೆ.

ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲೇಬೇಕು. ಕಾಣೆಯಾದ ದೂರಿಗೆ ಇಷ್ಟು ವರ್ಷದೊಳಗೆ ಎಂಬ ಗಡುವಿಲ್ಲ. ಇಪ್ಪತ್ತನಾಲ್ಕು ಗಂಟೆ ಕಾಯಿರಿ, ನಾಲ್ಕು ದಿನ ಬಿಟ್ಟು ಬನ್ನಿ ಎನ್ನುವ ನಿಯಮವೂ ಯಾವ ಕಾನೂನಿನಲ್ಲೂ ಇಲ್ಲ, ಆಗಲೂ ಇರಲಿಲ್ಲ. ಅಕ್ಕ ಕೊನೆಗೆ ಇದ್ದದ್ದು ಬೇರೆ ಊರಿನಲ್ಲಿ, ಅಲ್ಲಿಗೇ ಹೋಗಿ ಎಂದರೂ ಕೇಳಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಕೃತ್ಯ ಎಲ್ಲೇ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ದಾಖಲಿಸಬಹುದು. ಠಾಣೆಯಲ್ಲಿ ಒಪ್ಪದಿದ್ದರೆ ದೂರನ್ನು ಬರಹದಲ್ಲಿ ಎಸ್.ಪಿ. ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ದೂರಿನಲ್ಲಿ ‘ಕೋಲುಮುಖ, ಸಾಧಾರಣ ಮೈಕಟ್ಟು’ ಎಂದು ಅವರು ಬರೆದುಕೊಂಡರೆ ಅಷ್ಟಕ್ಕೇ ಬಿಡಬೇಡಿ. ಹಲ್ಲಿನ ಸಾಲಿನಲ್ಲಿ ಏನಾದರೂ ಗುರುತು, ಸುಟ್ಟ ಕಲೆ, ಮುರಿದು ಕೂಡಿದ ಮೂಳೆ, ಕಿವಿಯಲ್ಲಿ ಎಷ್ಟು ತೂತು, ಹೋದ ದಿನ ಯಾವ ಬಣ್ಣದ ಸೀರೆ, ಮೈಮೇಲೆ ಯಾವ ಒಡವೆ, ಅದನ್ನು ಮಾಡಿಸಿದ್ದು ಯಾರ ಹತ್ತಿರ, ಎಲ್ಲವನ್ನೂ ಬರೆಸಿ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಇವೆಲ್ಲ ತಾಯಿಗೆ ನೆನಪಿರುತ್ತವೆ. ಆಮೇಲೆ ಬರಹದಲ್ಲೇ ಒಂದು ಕೋರಿಕೆ ಕೊಡಿ. ಅಕ್ಕ ಹೋದ ದಿನದಿಂದ ಮುಂದಿನ ಆರು ತಿಂಗಳಲ್ಲಿ, ನಿಮ್ಮ ಜಿಲ್ಲೆ ಮಾತ್ರವಲ್ಲ, ಸುತ್ತಲಿನ ಜಿಲ್ಲೆಗಳ ಬಸ್ ನಿಲ್ದಾಣ, ರೈಲು ನಿಲ್ದಾಣ, ಲಾಡ್ಜುಗಳಿರುವ ಠಾಣೆಗಳಲ್ಲಿ ದಾಖಲಾದ ಅಪರಿಚಿತ ಹೆಂಗಸರ ಯು.ಡಿ.ಆರ್. ಫೋಟೊ ಮತ್ತು ಪಂಚನಾಮೆ ತರಿಸಿ ತೋರಿಸಿ ಎಂದು ಕೇಳಿ. ಅಮ್ಮನ ಡಿ.ಎನ್.ಎ. ಮಾದರಿ ತೆಗೆದಿಡಿ ಎಂದೂ ಸೇರಿಸಿ. ಅವರಿಗೆ ವಯಸ್ಸಾಗಿದೆ, ಅದನ್ನು ತಡಮಾಡಬೇಡಿ.

ಅಕ್ಕ ಎಲ್ಲೋ ಬದುಕಿದ್ದಾಳೆ ಎಂದು ತಿಳಿದುಬರಲಿ ಎಂದೇ ನನ್ನ ಆಸೆ. ಪ್ರಾಯಕ್ಕೆ ಬಂದವಳು ಇಷ್ಟಪಟ್ಟು ಹೋಗಿದ್ದರೆ ಅದು ಅವಳ ಹಕ್ಕು, ಪೊಲೀಸರು ಅವಳನ್ನು ಎಳೆದುತರುವುದಿಲ್ಲ. ಚೆನ್ನಾಗಿದ್ದಾಳೆ ಎಂದು ನಿಮಗೆ ತಿಳಿಸುತ್ತಾರೆ, ಅಷ್ಟೇ.

ಠಾಣೆಗೆ ಹೋಗುವಾಗ ಫೋಟೊದ ಜೊತೆ ಆ ಟೈಲರನ್ನೂ ಕರೆದುಕೊಂಡು ಹೋಗಿ. ಆ ವರ್ಷಗಳಲ್ಲಿ ರವಿಕೆಯ ಕತ್ತಿನ ಹಿಂಬದಿ ಚೀಟಿ ಹೊಲಿಯುತ್ತಿದ್ದರೇ, ಅದರ ಮೇಲೆ ಏನು ಬರೆದಿರುತ್ತಿತ್ತು, ಯಾವ ಬಣ್ಣದ ದಾರ, ಕೇಳಿ. ಹಳೆಯ ಚೀಟಿ ಒಂದು ಅವರ ಡಬ್ಬಿಯಲ್ಲಿ ಸಿಕ್ಕರೆ ದೂರಿಗೆ ಪಿನ್ ಮಾಡಿ ಕೊಡಿ.